ಟ್ಯಾಂಕಿನೊಳಗಿನ ಕೆಂಪು ಚೆಂಡು

ಕೈಯಲ್ಲಿ ಕಸುಬಿರುವವನು ಅಂಗಡಿಗೆ ಹೋಗಿ ಸಾಮಾನು ಕೊಂಡು ತಂದರೆ ಅವನ ಮರ್ಯಾದೆ ಏನಾಗಬೇಕು, ನೀವೇ ಹೇಳಿ. ನಾನು ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವವನು. ನಮ್ಮ ಮನೆಯಲ್ಲಿ ಬಾಗಿಲ ಹಿಡಿ, ಸೌಟಿನ ಹಿಡಿ, ಏನು ಮುರಿದರೂ ಮರುದಿನ ಅದರ ಜಾಗದಲ್ಲಿ ಬಣ್ಣದ ಅರಗು ಬಳಿದುಕೊಂಡ ಮರದ್ದೊಂದು ಬಂದು ಕೂತಿರುತ್ತದೆ. "ನನ್ ಹಲ್ಲು ಬಿದ್ರೂ ನೀವೇ ಕಡ್ದು ಕೂರಿಸ್ತೀರ, ಅದೂ ಹಸಿರು ಬಣ್ಣದ್ದು" ಎನ್ನುತ್ತಾಳೆ ನನ್ನ ಹೆಂಡತಿ ಸುಜಾತ. ಅದನ್ನು ನಾನು ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇನೆ.

ಹೀಗಿರುವಾಗ ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಿನಲ್ಲಿ ತೇಲುವ ಪ್ಲಾಸ್ಟಿಕ್ ಚೆಂಡು ಒಡೆದರೆ ಅಂಗಡಿಗೆ ಓಡುವ ಆಸಾಮಿಯೇ ನಾನು? ಬೊಂಬೆಗೆ ಬಳಸುವ ಆಲೆಮರದ ಒಳ್ಳೆ ತುಂಡು ಆರಿಸಿ, ಚೆಂಡು ಕಡೆದು, ಕೆಂಪು ಅರಗು ಹಚ್ಚಿ, ಕೇದಗೆ ಗರಿಯಲ್ಲಿ ಉಜ್ಜಿ ಮುಖ ಕಾಣುವಂತೆ ಮಿಂಚಿಸಿದೆ. ಹಳೆಯದಕ್ಕಿಂತ ದೊಡ್ಡದಾಗಿಯೇ ಮಾಡಿದೆ. ನಮ್ಮ ಮನೆಗೆ ನಾವೇ ಜಿಪುಣತನ ಮಾಡಿದರೆ ಹೇಗೆ? ಟ್ಯಾಂಕಿನ ಮುಚ್ಚಳ ಹಾಕುವಾಗ, ಇಂಥ ಚೆಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ ಎಂದು ಬೇಜಾರಾಯಿತು. ಆ ಬೇಜಾರಿಗೆ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ.

ಅದಾದ ಮರುದಿನವೇ ವಿರೂಪಾಕ್ಷಿಪುರದಿಂದ ನಮ್ಮತ್ತೆ ಬಂದರು. ಮಂಡಿ ಆಪರೇಷನ್ ಆಗಿತ್ತು. ಕಾಲು ಸರಿಹೋಗುವವರೆಗೆ ಕುಕ್ಕರಗಾಲಲ್ಲಿ ಕೂರಲೇಬಾರದು, ಕಮೋಡಿರುವ ಮನೆಯಲ್ಲೇ ಇರಬೇಕು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ನಮ್ಮತ್ತೆಯೋ ಹಳೇ ಕಾಲದವರು. ಅಳಿಯನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ನಾನು ಮೂಗಿನ ಮುಂದೆಯೇ ಇದ್ದರೂ ಗೋಡೆ ನೋಡಿಕೊಂಡು, "ಅಳಿಯಂದ್ರು ಉಂಡ್ರೇನವ್ವ?" ಎಂದು ಮಗಳನ್ನು ಕೇಳುವವರು. ಪಾಪ, ಅವರು ಕೂತಿರಲಿ ಎಂದು ನಾನೇ ಆದಷ್ಟೂ ಜಗುಲಿಯಲ್ಲಿ ಕಾಲ ಹಾಕುತ್ತಿದ್ದೆ.

ಸರಿಯಾಗಿ ಆಗಲೇ ಫ್ಲಶ್ ಕೈಕೊಟ್ಟಿತು. ಒತ್ತಿದರೆ ಗೊಳಗೊಳ ಎಂದು ಒಂದಿಷ್ಟು ನೀರು ಬಂದು, ಇನ್ನು ನನ್ನ ಕೈಲಾಗದು ಎನ್ನುವಂತೆ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಬಕೆಟ್ ನೀರು ಸುರಿಯಬೇಕು. ಅತ್ತೆಗೆ ಬಕೆಟ್ ಎತ್ತುವಂತಿಲ್ಲ. ಸುಜಾತ ಬಕೆಟ್ ಹಿಡಿದು ಹೋಗುವುದನ್ನು ಅಳಿಯ ನೋಡುತ್ತಾನಲ್ಲ ಎಂದು ಅವರು ಹಿಡಿಯಷ್ಟಾಗುತ್ತಿದ್ದರು. ಲೋಟದ ತುಂಬ ಕಾಫಿ ಕುಡಿಯುವ ಜೀವ, ಕಾಫಿ ಬಿಟ್ಟಿತು. ಆಮೇಲೆ ರಾತ್ರಿಯ ಮುದ್ದೆ ಬಿಟ್ಟಿತು. ಕೊನೆಗೆ ಮಾತ್ರೆ ನುಂಗಲೂ ಒಂದೇ ಗುಟುಕು ನೀರು. ಒಂದು ಬೆಳಗ್ಗೆ ಮಗಳ ಕೈ ಹಿಡಿದುಕೊಂಡು, "ನನ್ನ ಊರಿಗೆ ಕಳಿಸ್ಬುಡವ್ವ. ಅಲ್ಲಿ ಹೆಂಗೋ ಆಯ್ತದೆ" ಎಂದರು. ಊರ ಮನೆಯಲ್ಲಿ ಕುಕ್ಕರಗಾಲೇ ಗತಿ. ಹೋದರೆ ಮಾಡಿಸಿದ ಆಪರೇಷನ್ ನೀರುಪಾಲು. ಸುಜಾತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾನೇನು ಕೈಕಟ್ಟಿ ಕೂತಿರಲಿಲ್ಲ. ಆಸಿಡ್ ಸುರಿದೆ, ಕಡ್ಡಿ ಆಡಿಸಿದೆ, ಬೋರ್‌ವೆಲ್ ನೀರಿನ ಗಡಸನ್ನು ಬೈದೆ, ಪೈಪು ಹಾಕಿದವನ ವಂಶವನ್ನೇ ಜಾಲಾಡಿದೆ. ನನ್ನ ಜೊತೆ ಲೇತಿನಲ್ಲಿ ಕೆಲಸ ಮಾಡುವ ಅನ್ವರ್ ಬಂದು ನೋಡಿ, "ಬಕೆಟ್ ನೀರು ಸುಯ್ ಅಂತ ಹೋಯ್ತದಲ್ಲ, ಪೈಪಲ್ಲೇನೂ ಇಲ್ಲ ಕಣ್ಲಾ. ಟ್ಯಾಂಕ್ ತೆಗ್ದು ನೋಡು" ಎಂದ.

"ಅಲ್ಲೇನ್ಲಾ ಇರ್ತದೆ? ಅಲ್ಲಿರೋದು ನಾನೇ ಕಡ್ದಿರೋ ಚೆಂಡು!"

"ಅದ್ಕೇ ಕಣ್ಲಾ ಹೇಳಿದ್ದು."

ನನ್ನ ಚೆಂಡು ನಿರಪರಾಧಿ ಎಂದು ತೋರಿಸುವುದಕ್ಕಾಗಿಯೇ ಮುಚ್ಚಳ ಎತ್ತಿದೆ. ಅಯ್ಯೋ ಶಿವನೇ! ಟ್ಯಾಂಕು ಅರ್ಧವೂ ತುಂಬಿಲ್ಲ. ನನ್ನ ಧಾರಾಳದ ಚೆಂಡು ಇದ್ದ ಚೂರು ನೀರಿಗೇ ತೇಲಿ, ಸರಳನ್ನು ಮೇಲೆತ್ತಿ, ಬರುವ ನೀರನ್ನು ಬಂದ್ ಮಾಡಿ, ದೊಡ್ಡ ಗೌಡರ ಹಾಗೆ ಕೂತಿತ್ತು. ಮಿಂಚುವುದರಲ್ಲಿ ಮಾತ್ರ ಏನೂ ಕಡಿಮೆಯಾಗಿರಲಿಲ್ಲ. ಬಗ್ಗಿದ ನನ್ನ ಮುಖ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅನ್ವರ್ ಪುಣ್ಯಾತ್ಮ, ನಗಲಿಲ್ಲ. ಬೀದಿ ತಿರುವು ದಾಟುವವರೆಗೂ ತಡೆದುಕೊಂಡ.

ನಾನು ತಲೆ ತಗ್ಗಿಸಿಕೊಂಡು ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಚೆಂಡು ತಂದು ಹಾಕಿದೆ. ಟ್ಯಾಂಕು ಮೇಲಿನ ಗೀಟಿನವರೆಗೂ ತುಂಬಿತು. ಸಂಜೆ ಅತ್ತೆ ವಾಕರ್ ಹಿಡಿದು ಒಳಗೆ ಹೋದರು. ನಾನೂ ಸುಜಾತನೂ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಧೋ ಎಂದು ಸದ್ದು ಬಂತು ನೋಡಿ! ಯಾವ ಮಂಗಳವಾದ್ಯವೂ ನನ್ನ ಕಿವಿಗೆ ಅಷ್ಟು ಇಂಪಾಗಿ ಕೇಳಿಸಿಲ್ಲ. ಮಂಡಿ ಜೋಡಿಸಿದ ಡಾಕ್ಟರಿಗೆ, ಅನ್ವರನಿಗೆ, ಹರಿಯುವ ನೀರಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಅತ್ತೆ ಹೊರಗೆ ಬಂದು ಕುರ್ಚಿಯಲ್ಲಿ ಕೂತರು, ನಾನು ಎದುರಿಗೆ ಬಂದು ನಿಂತಿದ್ದರೂ. "ಒಸಿ ಕಾಫಿ ಕೊಡವ್ವ, ಲೋಟದ ತುಂಬ" ಎಂದರು. ಆಮೇಲೆ ಗೋಡೆಯನ್ನು ಬಿಟ್ಟು, ಮದುವೆಯಾದ ಮೇಲೆ ಮೊದಲ ಬಾರಿಗೆ, ನೇರ ನನ್ನ ಮುಖ ನೋಡಿದರು.

"ಆ ಟ್ಯಾಂಕಿನ ಚೆಂಡು ನೀವೇ ಕಡ್ದಿದ್ದಂತಲ್ಲ ಅಳಿಯಂದ್ರೆ. ಬೀದಿಯೋರೆಲ್ಲ ಹೇಳ್ತಿದ್ರು. ಬೋ ಚೆನ್ನಾಗಿ ಕೆಲ್ಸ ಮಾಡ್ತದೆ ಕಣಪ್ಪ. ನಿಮ್ ಕೈಗೆ ಒಳ್ಳೇದಾಗ್ಲಿ."

ಒಳಗೆ ಸುಜಾತನಿಗೆ ಜೋರಾಗಿ ಕೆಮ್ಮು ಬಂತು. ಇಷ್ಟು ವರ್ಷ ಬೊಂಬೆ ಕಡೆದಿದ್ದೇನೆ, ನಮ್ಮತ್ತೆಯ ಬಾಯಿಂದ ಒಂದು ಹೊಗಳಿಕೆ ಬಿದ್ದಿರಲಿಲ್ಲ. ಬಿದ್ದದ್ದು ಅಂಗಡಿಯ ಪ್ಲಾಸ್ಟಿಕ್ಕಿಗೆ. ಹಾಗೆಂದು ಬೇಡ ಎನ್ನಲಾದೀತೇ? "ಏನೋ, ನಿಮ್ಮ ಆಶೀರ್ವಾದ ಅತ್ತೆ" ಎಂದು ಎರಡೂ ಕೈಯಲ್ಲಿ ತೆಗೆದುಕೊಂಡೆ.