ನಿಪ್ಪಾಣಿ–ಚಿಕ್ಕೋಡಿ ಬಸ್ಸಿನಲ್ಲಿ ಎಐ ಕಲಿತದ್ದು

ಬಸ್ಸಿನಲ್ಲಿ ಕೂತು ಫೋನ್ ತೆಗೆದರೆ ಅದು ನಮ್ಮೊಬ್ಬರದೇ ಆಗಿ ಉಳಿಯುವುದು ನಮ್ಮ ಕಡೆ ಸಾಧ್ಯವಿಲ್ಲ. ಪಕ್ಕದವರು ಬಗ್ಗುತ್ತಾರೆ, ಹಿಂದಿನವರು ಎದ್ದು ನಿಲ್ಲುತ್ತಾರೆ, ಏನಾದರೊಂದು ನಡೆದೇ ನಡೆಯುತ್ತದೆ.

ನಾನು ನಿಪ್ಪಾಣಿಯಿಂದ ಚಿಕ್ಕೋಡಿಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ದಿನಾ ಹೋಗಿ ಬರುತ್ತಿದ್ದೆ. ಆಗ ಶಿಕ್ಷಕರೆಲ್ಲ ಫೋನಿನಲ್ಲೇ ಎಐ ಕೋರ್ಸ್ ಮುಗಿಸಬೇಕೆಂದು ಆದೇಶ ಬಂತು. ಮನೆಯಲ್ಲಿ ಪುರಸೊತ್ತಿಲ್ಲ, ಶಾಲೆಯಲ್ಲಿ ಮಕ್ಕಳ ಗಲಾಟೆ. ಉಳಿದದ್ದು ಬಸ್ಸೊಂದೇ. ಈಗ ರಾಯಬಾಗಕ್ಕೆ ವರ್ಗವಾಗಿ ಶಾಲೆಯ ಹಿಂದಿನ ಓಣಿಯಲ್ಲೇ ಮನೆ ಮಾಡಿದ್ದೇನೆ. ನಡೆದು ಹೋಗುವಾಗ ಯಾರೂ ನನ್ನ ಫೋನಿನಲ್ಲಿ ಇಣುಕುವುದಿಲ್ಲ. ಅದಕ್ಕೇ ಇರಬೇಕು, ಆ ಬಸ್ಸು ಬಹಳ ನೆನಪಾಗುತ್ತದೆ.

ತಿದ್ದುವವರು

ಮೊದಲ ಪಾಠದ ದಿನ ಇಯರ್‌ಫೋನ್ ಸರಿಯಾಗಿ ಚುಚ್ಚಿರಲಿಲ್ಲ. ನನಗೆ ಗೊತ್ತಾಗುವ ಮೊದಲೇ ಫೋನು ಇಡೀ ಬಸ್ಸಿಗೆ ಪಾಠ ಶುರು ಮಾಡಿತ್ತು: "ಯಂತ್ರವು ತಪ್ಪು ಮಾಡಿದಾಗ ಸರಿ ಉತ್ತರ ತೋರಿಸಿ ತಿದ್ದಬೇಕು. ಹೀಗೆ ತಿದ್ದುತ್ತ ಹೋದರೆ ಅದು ಕಲಿಯುತ್ತದೆ."

ಹಿಂದಿನ ಸೀಟಿನ ವಯಸ್ಸಾದ ಹೆಂಗಸು ಗಂಡನನ್ನು ಮೊಣಕೈಯಿಂದ ತಿವಿದಳು. "ಕೇಳಿದ್ರಿ? ತಿದ್ದಿದ್ರ ಮಷಿನ್ನೂ ಸುಧಾರಸ್ತೈತಂತ. ಲಗ್ನ ಆದಾಗಿಂದ ನಿಮ್ಮನ್ನ ತಿದ್ದಾಕತ್ತೇನಿ ನಾ!"

ಅಜ್ಜ ಕಿಟಕಿಯ ಆಚೆಯ ಕಬ್ಬು ನೋಡುತ್ತಲೇ ಹೇಳಿದ: "ತಿದ್ದಾವ್ರಿಗೆ ಸರಿ ಉತ್ತರ ಗೊತ್ತಿರಬೇಕಂತ. ಅದನ್ನೂ ಹೇಳೇತಿ ನೋಡು."

ತುಪ್ಪ

ಬೋರಗಾಂವದ ಒಬ್ಬ ಪವರ್‌ಲೂಮ್ ಮಾಲೀಕರು ಆಗಾಗ ನನ್ನ ಪಕ್ಕ ಕೂರುತ್ತಿದ್ದರು. ಅವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ಮರಾಠಿ ಎಲ್ಲಿ ಶುರುವಾಯಿತೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಮಾತಾಡಿದರೆ ಉತ್ತರ ಕೊಡುವ ಎಐ ಆ್ಯಪನ್ನು ನಾನು ಪರೀಕ್ಷಿಸುತ್ತಿದ್ದದ್ದು ಕಂಡು, "ನಂದೂ ಒಂದ ಕೇಳ್ರಿ ಅಕ್ಕೋರ," ಎಂದು ತಾವೇ ಫೋನಿಗೆ ಬಾಯಿಟ್ಟರು.

"ಸಾರಖಾ ಧಾಗಾ ತುಟತೈತಿ. ಏನ ಮಾಡೂದ?"

ಸಾರಖಾ ಅಂದರೆ ಮೇಲಿಂದ ಮೇಲೆ, ಧಾಗಾ ಅಂದರೆ ದಾರ, ತುಟತೈತಿ ಅಂದರೆ ತುಂಡಾಗುತ್ತದೆ. ಪಾಪ, ಆ್ಯಪಿಗೆ ಕೇಳಿಸಿದ್ದು ತುಟಿ. "ತುಟಿ ಒಡೆದಿದ್ದರೆ ದಿನಕ್ಕೆರಡು ಸಲ ತುಪ್ಪ ಹಚ್ಚಿ, ಹೆಚ್ಚು ನೀರು ಕುಡಿಯಿರಿ," ಎಂದು ಮೃದುವಾಗಿ ಹೇಳಿತು.

ಮಾಲೀಕರು ಗಂಭೀರವಾಗಿ ನನ್ನತ್ತ ತಿರುಗಿದರು. "ತುಪ್ಪ ದಾರಕ್ಕ ಹಚ್ಚಬಹುದ್ರಿ. ನೀರು ಯಾರ ಕುಡಿಬೇಕು, ನಾನೋ ಮಗ್ಗಾನೋ?"

ಪಕ್ಷಪಾತ

"ಇವತ್ತ ಏನ ಪಾಠರಿ ಅಕ್ಕೋರ?" ಎಂದು ಕಂಡಕ್ಟರ್ ದಿನಾ ಕೇಳುತ್ತಿದ್ದ. ಒಂದು ದಿನ, "ಪಕ್ಷಪಾತ. ಒಂದೇ ಕಡೆಯ ಮಾಹಿತಿ ಕೊಟ್ಟ್ರ ಎಐ ಸುದ್ದಾ ಒಂದೇ ಕಡೆ ವಾಲತೈತಿ," ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಎದುರು ಸೀಟಿನ ರೈತ ಹೆಣ್ಣುಮಗಳು ಬಾಯಿ ಹಾಕಿದಳು: "ನಾ ತಿಳಸ್ತೇನಿ ತಗೊ. ಕರೋಶಿ ಬಂತಂದ್ರ ಕೈ ಮಾಡದಿದ್ರೂ ಬಸ್ ನಿಲ್ಲಸ್ತಿ. ನಮ್ಮ ತೋಟದ ಹಂತ್ಯಾಕ ಓಡಿ ಬಂದ್ರೂ ನಿಲ್ಲಸಂಗಿಲ್ಲ. ಅದ ಪಕ್ಷಪಾತ!"

"ಅದು ಪಕ್ಷಪಾತ ಅಲ್ಲಬೇ ಯಕ್ಕಾ," ಅಂದ ಕಂಡಕ್ಟರ್. "ಅದು ಹೆಂಡ್ತಿ ತವರಮನಿ. ನಿಲ್ಲಸಲಿಲ್ಲಂದ್ರ ನಂಗ ಊಟ ಇಲ್ಲ!"

ಬಸ್ ಎಲ್ಲೈತಿ?

ಕೋರ್ಸಿನ ಪರೀಕ್ಷೆಗೆ ಅಂದು ಕೊನೆಯ ದಿನ. ಮುಗಿಸದವರ ಹೆಸರು ಮೇಲಿನವರಿಗೆ ಹೋಗುತ್ತದೆಂದು ಹೆಡ್‌ಮಾಸ್ತರರು ಹೆದರಿಸಿದ್ದರು. ನಿಪ್ಪಾಣಿ ಬಿಟ್ಟಾಗಿನಿಂದ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಕರೋಶಿಯಲ್ಲಿ ಬಸ್ಸು ನಿಂತಾಗ ಪುಟ ತೆರೆಯಿತು. ಆದರೆ ಪ್ರಶ್ನೆಪತ್ರಿಕೆಯ ಬದಲು ಒಂಬತ್ತು ಚಿಕ್ಕ ಚಿತ್ರಗಳು ಬಂದವು. "ಬಸ್ ಇರುವ ಚಿತ್ರಗಳನ್ನು ಒತ್ತಿ, ನೀವು ರೋಬೋಟ್ ಅಲ್ಲವೆಂದು ತೋರಿಸಿ."

ಒತ್ತಿದೆ. ತಪ್ಪು. ಕಂಡಕ್ಟರ್ ಫೋನು ಕಸಿದುಕೊಂಡು ಒತ್ತಿದ. ಮತ್ತೆ ತಪ್ಪು. "ಡ್ರೈವರ್ ಸಾಹೇಬ್ರನ್ನ ಕರೀರಿ," ಎಂದು ಹಿಂದಿನಿಂದ ಯಾರೋ ಕೂಗಿದರು.

ಡ್ರೈವರು ಸೀಟು ಬಿಟ್ಟು ಬಂದರು. ಕನ್ನಡಕ ಏರಿಸಿ ಒಂದೊಂದೇ ಚಿತ್ರ ನೋಡಿದರು. ಎಲ್ಲವೂ ಯಾವುದೋ ವಿದೇಶದ್ದು. "ಇದರಾಗ ಒಂದೂ ಬಸ್ಸಲ್ಲ," ಎಂದು ತೀರ್ಪು ಕೊಟ್ಟರು.

"ಅಲ್ರೀ, ಇದು ಬಸ್ಸಲ್ಲೇನು?" ಕಂಡಕ್ಟರ್ ಒಂದು ಚಿತ್ರ ತೋರಿಸಿದ.

"ಬಾಗಲಾ ಬಲಕ್ಕೈತಿ ನೋಡ್ರಿ. ಮಂದಿ ನಡುರಸ್ತೇಕ ಇಳೀಬೇಕೇನು? ಇದನ್ನ ಬಸ್ಸಂತ ಯಾವಂವ ಪಾಸ್ ಮಾಡಿದಾ?"

ಏನೂ ಆರಿಸದೆಯೇ ಮುಂದಿನ ಗುಂಡಿ ಒತ್ತಿಬಿಟ್ಟರು. "ನೀವು ಮನುಷ್ಯರೆಂದು ಖಚಿತವಾಗಲಿಲ್ಲ," ಎಂದಿತು ಫೋನು. ಡ್ರೈವರ ಮುಖ ಕೆಂಪಾಯಿತು. ಬಸ್ಸೆಲ್ಲ ಬಿದ್ದು ಬಿದ್ದು ನಕ್ಕಿತು. ಹೆದರಿ ಕೂತಿದ್ದ ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಆಮೇಲೆ ಸೈಕಲ್ ಚಿತ್ರಗಳು ಬಂದು ಪುಟ ತೆರೆದದ್ದು, ಚಿಕ್ಕೋಡಿ ಮುಟ್ಟುವುದರೊಳಗೆ ನಾನು ಪಾಸಾದದ್ದು, ಅದೆಲ್ಲ ಇರಲಿ. ಡ್ರೈವರು ಇನ್ನೂ ಫೋನ್ ಹಿಡಿದು ವಾದಿಸುತ್ತಿದ್ದಾಗ, ಯಡೂರಿನ ವೀರಭದ್ರನ ಗುಡಿಗೆ ಹೊರಟಿದ್ದ ಒಬ್ಬ ವಯಸ್ಸಾದ ಆಯಿ ಬುಟ್ಟಿ ಸರಿಸಿ ಎದ್ದಳು.

"ಏನ ಕೇಳತೈತಬೇ ಅಕ್ಕೋರ, ಅದು?"

"ಬಸ್ ಎಲ್ಲೈತಿ ಅಂತ ಕೇಳತೈತಿ ಆಯಿ."

ಆಯಿ ಡ್ರೈವರ ಕೈಯಿಂದ ಫೋನು ಎಳೆದು, ಬಾಯಿಗಿಟ್ಟುಕೊಂಡು ಕೂಗಿದಳು:

"ಕರೋಶ್ಯಾಗ ನಿಂತೈತಪಾ! ಡ್ರೈವರ್ ಫೋನ್ ನೋಡ್ಕೋತ ನಿಂತಾನ, ನೀನ ಬಂದು ಗಾಡಿ ಹೊಡಿ!"