ಬಾಗ್‌ಹೆಡ್‌ನ ಮಾದರಿ ಅತಿಥಿ

ಬಾಡಿಗೆ ಕಾಟೇಜಿಗೆ ಬಂದ ಅತಿಥಿಯು ತನ್ನ ಊಟವನ್ನು ತಾನೇ ನೋಡಿಕೊಳ್ಳತಕ್ಕದ್ದು ಎಂಬುದು ಗ್ರಾಮೀಣ ವಸತಿ ಮಂಡಳಿಯ ಮೊದಲನೆಯ ನಿಯಮ. ಅಬರ್ಡೀನ್‌ಶೈರಿನ ಬಾಗ್‌ಹೆಡ್ ಫಾರ್ಮಿನಲ್ಲಿ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವಳು ಟಿಬ್ಬಿ ಒಬ್ಬಳೇ. ಟಿಬ್ಬಿ ಹಸು.

ಹಾಲಿನ ವ್ಯಾಪಾರ ಕೈಕೊಟ್ಟ ಮೇಲೆ ಫಾರ್ಮಿನ ಒಡತಿ ಗ್ರಿಜೆಲ್ ಮಚ್, ಕೊಟ್ಟಿಗೆಗೆ ಮರದ ನೆಲ, ಕಣಜಕ್ಕೆ ಕಿಟಕಿ ಹಾಕಿಸಿ ಎರಡು ಕಾಟೇಜು ಮಾಡಿದ್ದಳು. ಉಳಿದ ಹಸುಗಳು ದನದ ಸಂತೆಗೆ ಹೋದವು. ಮುದಿ ಟಿಬ್ಬಿಯನ್ನು ಕಳಿಸಲು ಮಾತ್ರ ಅವಳಿಗೆ ಮನಸ್ಸಾಗಲಿಲ್ಲ. ಕೊಟ್ಟಿಗೆ ಕಾಟೇಜಾದ ವಿಷಯವನ್ನು ಟಿಬ್ಬಿಗೆ ಯಾರೂ ಅಧಿಕೃತವಾಗಿ ತಿಳಿಸಿರಲಿಲ್ಲ. ಹೀಗಾಗಿ ಸಂಜೆಯಾದರೆ ಬಾಗಿಲು ನೂಕಿಕೊಂಡು ಒಳಗೆ ಹೋಗಿ ತನ್ನ ಹಳೆಯ ಜಾಗದಲ್ಲಿ, ಅಂದರೆ ಸೋಫಾಕ್ಕೂ ಟೀವಿಗೂ ನಡುವೆ, ಮಲಗುತ್ತಿದ್ದಳು.

ಪರವಾನಗಿಯ ತಪಾಸಣೆಗೆಂದು ಮಂಡಳಿಯ ಪಿರೀ ಸಾಹೇಬರು ಬಂದಾಗಲೂ ಅಲ್ಲೇ ಇದ್ದಳು. ವಸತಿಯಲ್ಲಿ ಜಾನುವಾರು ಇದ್ದರೆ ಪರವಾನಗಿ ಇಲ್ಲ, ಹಸುವನ್ನು ಕೂಡಲೇ ಮಾರತಕ್ಕದ್ದು ಎಂದರು. ಪರವಾನಗಿ ಹೋದರೆ ಫಾರ್ಮೇ ಹೋಗುತ್ತದೆ. ಟಿಬ್ಬಿ ಹೋದರೆ ಗ್ರಿಜೆಲ್‌ಳ ಜೀವ ತಡೆಯದು.

"ಅವಳು ಜಾನುವಾರಲ್ಲ ಸಾಹೇಬ್ರೇ," ಅಂದುಬಿಟ್ಟಳು. "ಗೆಸ್ಟು."

ಸಾಹೇಬರು ನಗಲಿಲ್ಲ. ನಿಯಮಾವಳಿ ತೆಗೆದು 'ಅತಿಥಿ' ಎಂದರೆ ಯಾರೆಂದು ಓದಿ ನೋಡಿದರು. ಕಾಲುಗಳ ಸಂಖ್ಯೆಯ ಬಗ್ಗೆ ಅಲ್ಲಿ ಚಕಾರವಿರಲಿಲ್ಲ.

"ಊಟಕ್ಕೇನು ಮಾಡ್ಕೋತಾರೆ ಇವರು?"

"ಹೊರಗೆ ಹೋಗಿ ಅವಳೇ ನೋಡ್ಕೋತಾಳೆ. ಒಂದು ದಿನಾನೂ ನನ್ನ ಹತ್ರ ಚಮಚ ಕೇಳಿದ್ದಿಲ್ಲ."

ಇಂಥ ಅತಿಥಿಯನ್ನು ಸಾಹೇಬರು ತಮ್ಮ ಸೇವಾವಧಿಯಲ್ಲೇ ಕಂಡಿರಲಿಲ್ಲ. ಟೋಪಿ ತೆಗೆದು, ಕೊಟ್ಟಿಗೆಗೆ ಐದು ನಕ್ಷತ್ರ ಕೊಟ್ಟು, ಪಕ್ಕದ ಕಣಜಕ್ಕೆ ನಡೆದರು.

ಎಡವಟ್ಟಾದದ್ದು ಅಲ್ಲಿ. ಗ್ಲಾಸ್ಗೋದ ನಿವೃತ್ತ ಬಸ್ ಡ್ರೈವರ್ ಮೆಕ್‌ಗ್ಲೋನ್ ಹೆಂಡತಿ ಸಮೇತ ಗ್ರಿಜೆಲ್ ಕೊಟ್ಟ ಬಾರ್ಲಿ ಸೂಪು ಕುಡಿಯುತ್ತ, ಗ್ರಿಜೆಲ್ ಸುಟ್ಟ ಸ್ಕೋನ್ ಬನ್ನು ತಿನ್ನುತ್ತ ಕೂತಿದ್ದ. ಬಂದವರನ್ನು ಬರಿಬಾಯಲ್ಲಿ ಕೂರಿಸುವುದು ಅಬರ್ಡೀನ್‌ಶೈರಿನವರಿಗೆ ಆಗದ ಕೆಲಸ. ಗ್ರಿಜೆಲ್ ಎರಡೂ ಕಾಟೇಜಿಗೆ ಅಂದವಾದ ಅಡುಗೆಮನೆ ಕಟ್ಟಿಸಿದ್ದಳು. ಒಲೆ ಹಚ್ಚಲು ಮಾತ್ರ ಯಾರನ್ನೂ ಬಿಟ್ಟಿರಲಿಲ್ಲ.

ಸಾಹೇಬರು ಸ್ಥಳದಲ್ಲೇ ಪ್ರಕಟಣೆ ಬರೆದು ಬಾಗಿಲಿಗೆ ಅಂಟಿಸಿದರು: "ಕೊಟ್ಟಿಗೆಯ ಅತಿಥಿಯ ಊಟದ ಕ್ರಮವನ್ನು ಉಳಿದ ಅತಿಥಿಗಳೂ ನಾಳೆಯಿಂದ ಅನುಸರಿಸತಕ್ಕದ್ದು. ತಪ್ಪಿದಲ್ಲಿ ಎರಡೂ ಕಾಟೇಜುಗಳ ಪರವಾನಗಿ ರದ್ದು. ಮೇಲ್ಮನವಿಗೆ ಅವಕಾಶವಿದೆ. ಅದನ್ನು ಆಲಿಸುವ ಅಧಿಕಾರಿ ರಜೆಯಲ್ಲಿದ್ದಾರೆ."

ಗ್ರಿಜೆಲ್ ಅಳುವುದೊಂದೇ ಬಾಕಿ. ಮೆಕ್‌ಗ್ಲೋನ್ ಅವಳನ್ನು ಸಮಾಧಾನಪಡಿಸಿದ. "ನಿಮ್ಮ ಸೂಪಿನ ಋಣ ಇದೆ ತಾಯೀ. ಹುಲ್ಲು ಅಂದ್ರೇನು, ಸೊಪ್ಪೇ ತಾನೇ?"

ಮರುದಿನ ಬೆಳಿಗ್ಗೆ ಸಾಹೇಬರು ಬಂದಾಗ ಗಂಡಹೆಂಡಿರಿಬ್ಬರೂ ಹುಲ್ಲುಗಾವಲಿನಲ್ಲಿ ಮಂಡಿಯೂರಿ ಮೇಯುತ್ತಿದ್ದರು. ತುಸು ದೂರದಲ್ಲಿ ಟಿಬ್ಬಿ. ಸಾಹೇಬರಿಗೆ ಪರಮ ಸಂತೋಷವಾಯಿತು.

"ಚೆನ್ನಾಗಿದೆ," ಎಂದ ಮೆಕ್‌ಗ್ಲೋನ್, ಅಗಿಯುತ್ತಲೇ. "ಉಪ್ಪು ಒಂಚೂರು ಕಮ್ಮಿ."

ಗ್ರಿಜೆಲ್ ತಟ್ಟನೆ ಅಡುಗೆಮನೆ ಕಡೆ ತಿರುಗಿದಳು. ಸಾಹೇಬರು ಕೆಮ್ಮಿದರು. ಅವಳು ಎರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು ನಿಂತಳು. ಅತಿಥಿಗೆ ಉಪ್ಪು ಕೊಡದೆ ನಿಲ್ಲುವುದು ಅವಳಿಗೆ ಹೆರಿಗೆ ನೋವಿಗಿಂತ ಕಷ್ಟವಾಯಿತು. ಕೊನೆಗೆ ಮೆಕ್‌ಗ್ಲೋನನೇ ಎದ್ದು, ದನಗಳು ನೆಕ್ಕಲೆಂದು ಗೇಟಿನ ಬಳಿ ಇಟ್ಟಿದ್ದ ಉಪ್ಪಿನ ಗಡ್ಡೆಯತ್ತ ಹೋದ. ಟಿಬ್ಬಿ ಸ್ವಲ್ಪ ಸರಿದು ಜಾಗ ಬಿಟ್ಟಳು. ಒಬ್ಬ ಅತಿಥಿ ಇನ್ನೊಬ್ಬರನ್ನು ಉಪಚರಿಸುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲವೆಂದು ಹೇಳಿ, ಸಾಹೇಬರು ಎರಡೂ ಪರವಾನಗಿಗಳಿಗೆ ಮೊಹರು ಒತ್ತಿದರು.

ಹೊರಡುವ ದಿನ ಮೆಕ್‌ಗ್ಲೋನನ ಹೆಂಡತಿ ಗ್ರಿಜೆಲ್‌ಳನ್ನು ಪಕ್ಕಕ್ಕೆ ಕರೆದು, ಮುಂದಿನ ವರ್ಷ ಐದು ನಕ್ಷತ್ರದ ಕೊಟ್ಟಿಗೆಯೇ ತಮಗೆ ಸಿಗಬಹುದೇ ಎಂದು ಕೇಳಿದಳು.

"ಕಣಜವಾದ್ರೆ ಈಗ್ಲೇ ಬರ್ಕೋತೀನಿ," ಎಂದಳು ಗ್ರಿಜೆಲ್. "ಕೊಟ್ಟಿಗೆಗೆ ಅಲ್ಲಿರೋರನ್ನ ಒಂದು ಮಾತು ಕೇಳ್ಬೇಕು."