ಬಿಸಿಲು ಕಾಣದ ಕಾರು

ಸೊರಬದಲ್ಲಿ, ಬಸಣ್ಣನ ಗ್ಯಾರೇಜಿನ ಎದುರಿನ ಬಯಲಿನಲ್ಲಿ, ಮಾವನ ಕಾರಿನ ಎಡಗಡೆಯ ಮುಂಬಾಗಿಲಿಗೆ ಕೈಯಿಟ್ಟು ನಾನು ನಿಂತಿದ್ದೆ. ಎರಡು ವರ್ಷದ ಹಿಂದಿನ ಏಪ್ರಿಲ್ ತಿಂಗಳು, ನಡುಮಧ್ಯಾಹ್ನ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಮ್ಮ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ಸಲ ಸೋಲೊಪ್ಪಿಕೊಂಡರು. ಅದನ್ನು ನಾನು ಕಣ್ಣಾರೆ ಕಂಡೆನೆಂದರೆ ಶಿಕಾರಿಪುರದಲ್ಲಿ ಯಾರೂ ನಂಬುವುದಿಲ್ಲ!

ಮಾವನದು ಶಿಕಾರಿಪುರದಲ್ಲಿ ಕಾಳಿನ ಅಂಗಡಿ. ಅದನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಒಂದು ಕಾರು ಕೊಂಡರು. ಅದರ ಏಸಿಗೆ ಇಷ್ಟು ಡಿಗ್ರಿ ಬೇಕೆಂದು ಒಮ್ಮೆ ಹೇಳಿಟ್ಟರೆ ಸಾಕು, ಹೊರಗೆ ಬಿಸಿಲೋ ಮೋಡವೋ ತಾನೇ ನೋಡಿಕೊಂಡು ತಣ್ಣಗಿಡುತ್ತದಂತೆ. ಮಾವ ಇಪ್ಪತ್ನಾಲ್ಕು ಎಂದು ಹೇಳಿಟ್ಟರು. ಎರಡನೆಯ ಬೇಸಿಗೆಗೆ ಕಾರು ಮಾತು ತಪ್ಪಿತು. ನೆರಳಿನಲ್ಲಿ ತಣ್ಣಗಿರುವುದು, ಬಿಸಿಲಿಗೆ ಬಂದರೆ ಏನೂ ಗೊತ್ತಿಲ್ಲದಂತೆ ಮೆಲ್ಲಗೆ ಉಸಿರಾಡುತ್ತ ಕೂರುವುದು.

"ಅಪ್ಪಾಜಿ, ಹದಿನೆಂಟಕ್ಕೆ ಇಟ್ಕೊಳ್ರಿ, ಮುಗೀತು," ಎಂದ ಮಗ.

"ಯಾಕೋ ಇಟ್ಕಬೇಕು? ನಾನು ಇಪ್ಪತ್ನಾಕು ಅಂದೀನಿ. ಬಿಸಿಲು ಬಂದಾಗೆಲ್ಲ ನಾನೇ ಹೇಳ್ಬೇಕಂದ್ರೆ ಅದು ಆಟೋಮ್ಯಾಟಿಕ್ ಹೆಂಗಾತು?"

 

ಷೋರೂಮಿನವರು ಕಾರನ್ನು ಷೆಡ್ಡಿನೊಳಗೆ ಒಯ್ದು, ಕಂಪ್ಯೂಟರ್ ಸಿಕ್ಕಿಸಿ, ಎಲ್ಲ ಸರಿಯಿದೆ ಎಂದರು. ಇನ್ನೊಂದು ಗ್ಯಾರೇಜಿನವರೂ ನೆರಳಲ್ಲೇ ನೋಡಿದರು.

"ಬಿಸಿಲಾಗೆ ನೋಡ್ರಿ!" ಎಂದು ಮಾವ ಕೂಗಿದರು.

"ಬಿಸಿಲಾಗೆ ಯಾರು ಕೆಲ್ಸ ಮಾಡ್ತಾರ್ರಿ ಯಜಮಾನ್ರೆ?"

ಮಾವ ಪರಿಚಯದ ಕೋಳಿ ಫಾರಂನಿಂದ ಒಂದು ಥರ್ಮಾಮೀಟರ್ ತಂದು, ತೊಳೆದು, ಮತ್ತೆ ತೊಳೆದು, ಹಿಂದಿನ ಸೀಟಿನಲ್ಲಿ ಕೂತ ನನ್ನ ಕೊರಳಿಗೆ ನೇತುಹಾಕಿದರು. "ಅಳಿಯಾ, ಮಾತಾಡಬ್ಯಾಡ. ನಿನ್ನ ಉಸಿರಿಗೆ ಡಿಗ್ರಿ ಏರ್ತೈತಿ." ಶಿರಾಳಕೊಪ್ಪದವರೆಗೂ ನಾನು ಉಸಿರನ್ನು ಕಿಟಕಿಯ ಕಡೆಗೇ ಬಿಟ್ಟೆ!

ಕೊನೆಗೆ ಮಗ ತೀರ್ಮಾನಕ್ಕೆ ಬಂದ. ಕೆಟ್ಟಿರುವುದು ಕಾರಲ್ಲ, ಅಪ್ಪನ ಮೈ. ಹಿಂದಿನ ವರ್ಷವಷ್ಟೇ ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು, ಇನ್ನು ಕಾರು ಓಡಿಸಬಾರದು. ಡಾಕ್ಟರೂ "ವಯಸ್ಸಾಯ್ತಲ್ಲ" ಎಂದರು. ಮಾವ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಬಿಸಿಲಲ್ಲಿ ಊರು ಸುತ್ತಿಸಿದರು. ಡಾಕ್ಟರ ಅಂಗಿ ಬೆನ್ನಿಗೆ ಅಂಟಿಕೊಂಡಿತು. "ನಿಮಗೂ ವಯಸ್ಸಾತು ಬಿಡ್ರಿ ಡಾಕ್ಟ್ರೇ!"

ಮಗ ಜಗ್ಗಲಿಲ್ಲ. ಆಗ ಕರಾರಾಯಿತು: ಸೊರಬದ ಬಸಣ್ಣನೂ ಕಾರು ಸರಿಯಿದೆ ಎಂದರೆ ಕೀ ಮಗನಿಗೆ. ದೋಷ ಸಿಕ್ಕರೆ, ಕೈಕಾಲು ಆಡುವವರೆಗೂ ಸ್ಟಿಯರಿಂಗು ಅಪ್ಪನಿಗೆ. ಮಗನ ಪರವಾಗಿ ಸಾಕ್ಷಿ ನಾನು.

ಬಸಣ್ಣ ಏಸಿ ಹಾಕಿಸಿ, ಕಾರನ್ನು ಬಿಸಿಲಿಗೇ ನಿಲ್ಲಿಸಿದ. ಎಂಜಿನ್ ನೋಡಿದ, ಗ್ಯಾಸು ನೋಡಿದ. "ಎಂತದೂ ಕಾಣ್ತಿಲ್ಲ ಸಾವ್ಕಾರ್ರೆ. ಬಿಸಿಲು ನೋಡೋ ಸೆನ್ಸರ್ ಅಂತ ಒಂದಿರ್ತದೆ. ಈ ಮಾಡೆಲ್ಲಿಗೆ ಎಲ್ಲಿಟ್ಟಿದ್ದಾರೋ!"

ಸ್ಟಿಯರಿಂಗಿನ ಮುಂದೆ ಕೂತಿದ್ದ ಮಾವ ಕಾರಿನ ಜೊತೆ ಬಂದ ಪುಸ್ತಕದ ಚಿತ್ರವನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದರು. ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ, ಕಪ್ಪಗೆ ಗುಂಡಗೆ, ಅರ್ಧ ನೆಲ್ಲಿಕಾಯಿಯನ್ನು ಬೋರಲು ಹಾಕಿದಂಥದ್ದು. ಅವರ ಬೆರಳು ಚಿತ್ರದಿಂದ ಎದ್ದು ಗಾಜಿನತ್ತ ಹೋಗಿ, ನಡುದಾರಿಯಲ್ಲೇ ನಿಂತಿತು.

ಅಲ್ಲಿದ್ದದ್ದು ಲಿಂಗ. ಲಿಂಗವೆಂದೇ ನಾವೆಲ್ಲ ತಿಳಿದಿದ್ದೆವು. ಮಾವನ ಎದೆಗೆ ಸ್ಟೆಂಟ್ ಹಾಕಿದಂದಿನಿಂದ, ಅವರು ಕೀ ತಿರುಗಿಸುವ ಮೊದಲು, ಅತ್ತೆ ಅದಕ್ಕೆ ದಿನವೂ ವಿಭೂತಿ ಬಳಿದು, ತಲೆಗೊಂದು ಹೂವಿಟ್ಟು, ಕಣ್ಣುಮುಚ್ಚಿ ಕೈಮುಗಿಯುತ್ತಿದ್ದರು. ಷೋರೂಮಿನವರೂ ಅದನ್ನು ಕಂಡು ಚಪ್ಪಲಿ ಬಿಟ್ಟು ಒಳಗೆ ಹತ್ತಿದ್ದರು!

ಮಾವ ಹೂವು ತೆಗೆದರು. ಪಂಚೆಯ ಚುಂಗಿನಿಂದ ಒರೆಸಿದರು. ವಿಭೂತಿ ಗಟ್ಟಿಯಾಗಿತ್ತು, ಉಗುರಿನಿಂದ ಕೆರೆಯಬೇಕಾಯಿತು. ಕಪ್ಪು ಗಾಜು ಬಿಸಿಲಿಗೆ ಮಿಂಚಿತು. ಸ್ವಲ್ಪ ಹೊತ್ತಿಗೆ ಫ್ಯಾನು ಮೊರೆಯತೊಡಗಿತು. ತಣ್ಣನೆಯ ಗಾಳಿ ನಾನು ನಿಂತಿದ್ದ ಬಾಗಿಲವರೆಗೂ ಬಂತು.

"ಗೆದ್ರಿ ಮಾವ!" ಎಂದೆ.

ಮಾವ ಅಂಗೈಯಲ್ಲಿ ಉದುರಿದ್ದ ವಿಭೂತಿಯನ್ನು ನೋಡುತ್ತ ಕೂತರು. ಆಮೇಲೆ ಅದಕ್ಕೆ ಬಾಟಲಿಯ ನೀರು ಹನಿಸಿ, ಕಲಸಿ, ಮೊದಲಿದ್ದಂತೆಯೇ ದಪ್ಪಗೆ ಬಳಿದು, ಹೂವಿಟ್ಟರು. ಫ್ಯಾನಿನ ಸದ್ದು ತಗ್ಗಿತು.

"ಬಸಣ್ಣ, ಕಾರಾಗೆ ಏನೈತಿ?"

"ಅದೇ ಸಾವ್ಕಾರ್ರೆ, ಸೆನ್ಸರ್ ಮೇಲೆ ವಿಭೂ..."

"ಏನೈತಿ ಅಂದೆ!"

ಬಸಣ್ಣ ನನ್ನ ಮುಖ ನೋಡಿದ, ಹೂವು ನೋಡಿದ. "ಎಂತದೂ ಇಲ್ಲ ಸಾವ್ಕಾರ್ರೆ."

ಮನೆಯಲ್ಲಿ ಮಾವ ಮಗನ ಮುಂದೆ ನೆಟ್ಟಗೆ ನಿಂತರು. "ಕಾರು ಸರಿ ಐತಿ. ಕೆಟ್ಟಿರೋದು ನನ್ನ ಮೈ. ತಗ ಕೀ." ನಾನು ಬಾಯಿ ತೆರೆದೆ. ಅವರು ನೋಡಿದ ನೋಟಕ್ಕೆ ಹಾಗೇ ಮುಚ್ಚಿದೆ.

ಒಳಗಿಂದ ಬಂದ ಅತ್ತೆ ಮಗನ ಕೈಯಿಂದ ಕೀ ಕಿತ್ತುಕೊಂಡರು. "ಸೆಕೆ ಆದ್ರೆ ಬೀಸಣಿಗೆ ಇಲ್ಲೇನು ಮನ್ಯಾಗೆ? ಮುಂದೆ ದೇವ್ರು ಕುಂತಿರೋವಾಗ ಇವರಿಗೇನಾಗ್ತೈತಿ? ನಾನು ಬೀಸ್ತೀನಿ. ತಗಳ್ರಿ, ನೀವೇ ಓಡಿಸ್ರಿ!"

ಅಂದಿನಿಂದ ಶಿಕಾರಿಪುರದ ಬಿಸಿಲಿನಲ್ಲಿ ಏಸಿ ಕಾರೊಂದು ಓಡಾಡಿತು. ಮಾವ ಬೆವರುತ್ತ ಓಡಿಸುವರು, ಅತ್ತೆ ಪಕ್ಕದಲ್ಲಿ ಕೂತು ಬೀಸುವರು. ಜನ ನಕ್ಕರು. ನಗಲಿ! ಮಾವ ತಲೆಯೆತ್ತಿಕೊಂಡೇ ಓಡಿಸಿದರು.

ಹೋದ ಶ್ರಾವಣದಲ್ಲಿ ಅತ್ತೆ ತೀರಿಕೊಂಡರು. ಈಗ ಆ ಕಪ್ಪು ಗಾಜಿಗೆ ವಿಭೂತಿ ಹಚ್ಚುವವರು ಮಾವನೇ. ಮೊನ್ನೆ ಬಸಣ್ಣ, "ಇನ್ನಾದ್ರೂ ಒರೆಸಿಬಿಡ್ಲಾ ಸಾವ್ಕಾರ್ರೆ?" ಎಂದು ಮೆಲ್ಲಗೆ ಕೇಳಿದ.

"ಮುಟ್ಟಿ ನೋಡು!" ಎಂದರು ಮಾವ.

ಅಂದು ಸೊರಬದ ಬಯಲಿನಲ್ಲಿ ಆ ವಿಭೂತಿಯಡಿ ಏನಿದೆಯೆಂದು ಕಂಡವರು ಮಾವ, ಬಸಣ್ಣ, ನಾನು. ಮೂವರೂ ಇದ್ದೇವೆ. ಅತ್ತೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ.